ಮೇರಿ ಮೇರಿಯಾಗಿಯೇ ಉಳಿದಿದ್ದರೆ

ಮೊನ್ನೆ ಭಾನುವಾರ ತೆಲುಗಿನ ‘ಮಿಸ್ಸಮ್ಮ’ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರ ವಿಜಯಾ ಸಂಸ್ಥೆ ನಿರ್ಮಿಸಿ, ಎಲ್.ವಿ. ಪ್ರಸಾದ್ ನಿರ್ದೇಶಿಸಿದ ಈ ಚಿತ್ರ 1955ರಲ್ಲಿ ತೆರೆಗೆ ಬಂದಿತು. ಅದೇ ವರ್ಷ ತಮಿಳಿನಲ್ಲಿಯೂ, 1957ರಲ್ಲಿ ‘ಮಿಸ್ ಮೇರಿ’ ಎಂಬ ಹೆಸರಿನಿಂದ ಹಿಂದಿಯಲ್ಲಿಯೂ ಬಂದಿತು. ಕಥೆ ಶಾಲೆಯೊಂದರ ಸುತ್ತ ನಡೆಯುವುದರಿಂದ, ಮೇಷ್ಟರಾಗಿ ಬದುಕು ಕಳೆದ ನನಗೆ ಇದರ ಮೇಲೆ ಸ್ವಲ್ಪ ಹೆಚ್ಚೇ ಅಕ್ಕರೆ.

ಊರಿನ ಜಮೀನ್ದಾರರು ಕಳೆದುಹೋದ ತಮ್ಮ ಹಿರಿಯ ಮಗಳು ಮಹಾಲಕ್ಷ್ಮಿಯ ಹೆಸರಿನಲ್ಲಿ ಒಂದು ಶಾಲೆ ನಡೆಸುತ್ತಾರೆ. ಅದಕ್ಕೆ ಉಪಾಧ್ಯಾಯರಾಗಿ ಪದವೀಧರ ದಂಪತಿಗಳೇ ಬೇಕು. ಕೆಲಸವಿಲ್ಲದೆ ಅಲೆಯುತ್ತಿದ್ದ ರಾವ್ (ಎನ್.ಟಿ. ರಾಮರಾವ್) ಮತ್ತು ಸಾಲದ ಕಾಟದಲ್ಲಿದ್ದ ಮೇರಿ (ಸಾವಿತ್ರಿ) ಗಂಡಹೆಂಡಿರೆಂದು ಸುಳ್ಳು ಹೇಳಿ ಕೆಲಸಕ್ಕೆ ಸೇರುತ್ತಾರೆ. ಆತ ಹಿಂದೂ, ಆಕೆ ಕ್ರೈಸ್ತಳು. ಮುಂದಿನದೆಲ್ಲ ನಗೆಯ ಹೊನಲು. ಜಗಳವಾಡುತ್ತಲೇ ಇಬ್ಬರಲ್ಲೂ ಪ್ರೀತಿ ಮೊಳೆಯುತ್ತದೆ. ಕೊನೆಗೆ ತಿಳಿಯುವುದೇನೆಂದರೆ, ಮೇರಿಯೇ ಆ ಕಳೆದುಹೋದ ಮಹಾಲಕ್ಷ್ಮಿ! ಎಲ್ಲರಿಗೂ ಸಂತೋಷ, ಮದುವೆ, ಶುಭಂ.

ನನ್ನ ತಕರಾರು ಇರುವುದು ಇಲ್ಲಿಯೇ. ಬೇರೆ ಧರ್ಮದ ಹುಡುಗಿಯನ್ನು ಈ ಮನೆಯವರು ಮನಸಾರೆ ಒಪ್ಪುವರೇ ಎಂಬ ಪ್ರಶ್ನೆಯನ್ನು ಎರಡೂವರೆ ಗಂಟೆಗೂ ಹೆಚ್ಚು ಕಾಲ ಬೆಳೆಸಿದ ಚಿತ್ರ, ಉತ್ತರ ಹೇಳಬೇಕಾದ ಹೊತ್ತಿಗೆ ಪ್ರಶ್ನೆಯನ್ನೇ ಅಳಿಸಿಬಿಡುತ್ತದೆ. ಆಕೆ ನಮ್ಮವಳೇ ಆಗಿದ್ದಳಲ್ಲ, ಇನ್ನು ಒಪ್ಪುವುದೇನು ಬಂತು?

ಗುರುತು ತಪ್ಪಿ ಸಿಗುವುದು ಶಾಕುಂತಲೆಯ ಉಂಗುರದಷ್ಟು ಹಳೆಯ ತಂತ್ರ, ಅದಕ್ಕೇಕೆ ಇಷ್ಟು ಗಂಭೀರವಾಗಬೇಕು ಎಂದು ನೀವು ಕೇಳಬಹುದು. ನಿಜ. ನಮ್ಮ ಕನ್ನಡದ ‘ಗಣೇಶನ ಮದುವೆ’ಯನ್ನು (1990) ನೋಡಿ ನಾನೂ ನಿಮ್ಮಂತೆಯೇ ನಕ್ಕವನು. ವಠಾರದಲ್ಲಿ ದಿನವೂ ಕಚ್ಚಾಡುವ ಆದಿಲಕ್ಷ್ಮಿಯೇ, ತಾನು ಪತ್ರ ಬರೆದು ಪ್ರೀತಿಸುವ ಗಾಯಕಿ ಶ್ರುತಿ ಎಂಬುದು ಗಣೇಶನಿಗೆ ತಿಳಿಯದು. ಅಲ್ಲಿ ಗುಟ್ಟು ರಟ್ಟಾದರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ಮೇರಿಯ ಮಾತು ಹಾಗಲ್ಲ. ಅವಳ ಗುಟ್ಟು ಬಯಲಾದರೆ ಅನ್ನಕ್ಕೇ ಸಂಚಕಾರ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು. 1994ರ ಜೂನ್ ತಿಂಗಳು. ನಮ್ಮ ಶಾಲೆಗೆ ವರ್ಗವಾಗಿ ಬಂದ ಕ್ರೈಸ್ತ ಶಿಕ್ಷಕಿಯೊಬ್ಬರು ಬಾಡಿಗೆಗೆ ಮನೆ ನೋಡಿಕೊಡಲು ಕೇಳಿದರು. ನಮ್ಮ ವಿದ್ಯಾನಗರದಲ್ಲಿಯೇ ನನಗೆ ಪರಿಚಿತರಾದವರ ಮನೆಯೊಂದು ಖಾಲಿಯಿತ್ತು. ಹೋಗಿ ವಿಚಾರಿಸಿದೆ. ಅವರ ಮೊದಲ ಪ್ರಶ್ನೆ, “ಯಾವ ಪೈಕಿ ಸರ್ ಅವರು?” ನಾನು ಮಾತು ಹಾರಿಸಿ, “ನಮ್ಮ ಶಾಲೆಯವರು” ಎಂದಷ್ಟೇ ಹೇಳಿ ಬಂದೆ. ಮರುದಿನ ಆ ಶಿಕ್ಷಕಿಗೆ, “ಮೇಡಂ, ಸದ್ಯಕ್ಕೆ ಪೂರ್ತಿ ಹೆಸರು ಹೇಳಬೇಡಿ. ಒಮ್ಮೆ ಒಳಗೆ ಸೇರಿಕೊಂಡರೆ ಆಮೇಲೆ ಎಲ್ಲ ಸರಿಹೋಗುತ್ತದೆ” ಎಂದೆ. ಅವರು ನಕ್ಕು, “ಬೇಡ ಸರ್. ಭಾನುವಾರ ನಮ್ಮ ತಾಯಿ ಚರ್ಚಿಗೆ ಹೊರಟಾಗ ಎಲ್ಲಿಗೆಂದು ಹೇಳಲಿ?” ಎಂದರು. ಹೆಸರು ಹೇಳಿಯೇ ಕೇಳಿದರು. ಮನೆ ಸಿಗಲಿಲ್ಲ. ದೂರದ ಬಡಾವಣೆಯಲ್ಲಿ ಮನೆ ಹಿಡಿದು, ನಮ್ಮಲ್ಲಿದ್ದಷ್ಟು ವರ್ಷವೂ ಸಿಟಿ ಬಸ್ಸಿನಲ್ಲಿ ಓಡಾಡಿದರು.

ಮನೆಯ ಮಾಲೀಕರನ್ನು ನಾನು ಬಹುಕಾಲ ಮನಸ್ಸಿನಲ್ಲಿಯೇ ಬೈದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವರಾದರೂ ನೇರವಾಗಿ ಕೇಳಿದರು. ಉಪಕಾರ ಮಾಡುತ್ತಿದ್ದೇನೆಂದು ಭಾವಿಸಿ ಆಕೆಗೆ ವೇಷ ಕಟ್ಟಲು ಹೊರಟವನು ನಾನು. ತರಗತಿಯಲ್ಲಿ ಸತ್ಯದ ಪಾಠ ಹೇಳಿದವನು ಹೊರಗೆ ಕೊಟ್ಟ ಸಲಹೆ ಅದು. ಮೇರಿಗೆ ಮಹಾಲಕ್ಷ್ಮಿಯೆಂಬ ಹೆಸರಿಟ್ಟು ಒಳಗೆ ಕರೆದುಕೊಂಡ ಚಿತ್ರಕ್ಕೂ ನನಗೂ ಹೆಚ್ಚಿನ ವ್ಯತ್ಯಾಸವೇನಿತ್ತು?

‘ಮಿಸ್ಸಮ್ಮ’ವನ್ನು ನೋಡಬೇಡಿ ಎನ್ನುತ್ತಿಲ್ಲ. ಅವಶ್ಯ ನೋಡಿ, ನಗಿರಿ. ಸಾವಿತ್ರಿಯವರ ಅಭಿನಯಕ್ಕಾಗಿಯೇ ನೋಡಬಹುದು. ಆದರೆ ಮೇರಿ ಮೇರಿಯಾಗಿಯೇ ಉಳಿದಿದ್ದರೆ ಆ ಜಮೀನ್ದಾರರು ಏನು ಮಾಡುತ್ತಿದ್ದರು ಎಂದು ಒಂದು ಕ್ಷಣ ಯೋಚಿಸಿರಿ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವಂತ ಮನೆ ಕಟ್ಟಿ, ಮಹಡಿಯನ್ನು ಬಾಡಿಗೆಗೆ ಕೊಡುವಷ್ಟು ಅನುಕೂಲಸ್ಥರಾಗಿದ್ದೀರಿ. ಬಾಗಿಲಿಗೆ ಬಂದವರ ಹೆಸರನ್ನು ಅಗತ್ಯವಾಗಿ ಕೇಳಿರಿ. ಕೇಳಿದ ಮೇಲೆ ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂಬುದನ್ನು ಹೇಳಿರಿ. ಅಷ್ಟು ಸಾಕು.