ಬೈಲು ಅಂತ ಹೆಸರಿಟ್ಟವರು ಹುಚ್ಚರಲ್ಲ

ಹಾಸ್ಟೆಲಿನ ಗೆಳೆಯರೇ,

ಶಂಕರಪುರದಲ್ಲಿ ಮಲ್ಲಿಗೆ ಗಿಡ ನೆಡುವ ಹೆಂಗಸು ಮೊದಲು ಮಾಡುವ ಕೆಲಸ ಏನು ಗೊತ್ತುಂಟಾ? ನೀರು ಹೋಗಲಿಕ್ಕೆ ದಾರಿ ಮಾಡುವುದು. ಮಣ್ಣು ಏರಿಸಿ ಬುಡ ಎತ್ತರಿಸುತ್ತಾಳೆ, ಪಕ್ಕದಲ್ಲಿ ಕಣಿ ತೆಗೆಯುತ್ತಾಳೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗಿಡ ಸತ್ತರೆ ಹೂವಿಲ್ಲ, ಹೂವಿಲ್ಲದಿದ್ದರೆ ಮಕ್ಕಳ ಫೀಸಿಲ್ಲ. ಈ ಲೆಕ್ಕವನ್ನು ಅವಳಿಗೆ ಯಾವ ಇಂಜಿನಿಯರನೂ ಹೇಳಿಕೊಟ್ಟಿಲ್ಲ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುವ ನೆಲದಲ್ಲಿ ಬದುಕಿ ಕಲಿತದ್ದು.

ಆ ಹೂವು ಬಸ್ಸು ಹತ್ತಿ ಉಡುಪಿಗೆ ಹೋಗುತ್ತದೆ. ನಾವೂ ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋದವರು. ಇಂಜಿನಿಯರು, ಕಮಿಷನರು, ಕಂಪ್ಯೂಟರು ಎಲ್ಲ ಇರುವ ಆ ಊರಿನಲ್ಲಿ ಮಾತ್ರ ಮಲ್ಲಿಗೆ ಗಿಡಕ್ಕೆ ಸಿಗುವಷ್ಟು ಕಣಿ ಮನುಷ್ಯನ ಮನೆಗೆ ಸಿಗುವುದಿಲ್ಲ.

2020ರ ಸೆಪ್ಟೆಂಬರ್ 20, ಭಾನುವಾರ. ಒಂದು ರಾತ್ರಿ ಒಂದು ಹಗಲಿನಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆ. ಸ್ವರ್ಣಾ ನದಿ ಉಕ್ಕಿತು. ಕಲ್ಸಂಕ, ಬೈಲಕೆರೆ, ಗುಂಡಿಬೈಲು, ಕೃಷ್ಣಮಠದ ಪಾರ್ಕಿಂಗ್ ಜಾಗ, ಎಲ್ಲ ಒಂದೇ ಕೆರೆ. ದೋಣಿ ಬಂತು, ಎನ್‌ಡಿಆರ್‌ಎಫ್ ಬಂತು, ಕ್ಯಾಮರಾ ಬಂತು. ಸಾವಿರಾರು ಜನರನ್ನು ಮನೆಯಿಂದ ಎಬ್ಬಿಸಿ ಸಾಗಿಸಿದರು. ಇದು ಪ್ರಕೃತಿಯ ಮುನಿಸು ಅಂದರು. 2024ರ ಜುಲೈಯಲ್ಲಿ ಮತ್ತೆ ಅದೇ ಗುಂಡಿಬೈಲು, ಅದೇ ಬೈಲಕೆರೆ, ಅದೇ ದೋಣಿ. ಪ್ರಕೃತಿಗೆ ಈ ಎರಡು ಮೂರು ವಾರ್ಡುಗಳ ಮೇಲೇ ಯಾಕಪ್ಪ ಮುನಿಸು?

ಉತ್ತರ ಹುಡುಕಲಿಕ್ಕೆ ಪಿಎಚ್‌ಡಿ ಮಾಡಬೇಕಾಗಿಲ್ಲ, ಊರಿನ ಹೆಸರು ಓದಿದರೆ ಸಾಕು. ಬೈಲು ಅಂದರೆ ಎರಡು ಗುಡ್ಡೆಗಳ ನಡುವಿನ ತಗ್ಗು ಗದ್ದೆ. ಗುಂಡಿಬೈಲು: ಗುಂಡಿಯೂ ಹೌದು, ಬೈಲೂ ಹೌದು. ಬೈಲಕೆರೆಯಲ್ಲಿ ಬೈಲೂ ಉಂಟು, ಕೆರೆಯೂ ಉಂಟು. ಕಲ್ಸಂಕ ಅಂದರೆ ಕಲ್ಲಿನ ಸಂಕ. ಕೆಳಗೆ ನೀರು ಹರಿಯದ ಜಾಗಕ್ಕೆ ಯಾರಾದರೂ ಸಂಕ ಹಾಕ್ತಾರಾ? ಮೇಲಿರುವ ಮಣಿಪಾಲದ ಹೆಸರಿನೊಳಗೂ ಒಂದು ಪಳ್ಳ ಕೂತಿದೆ, ಮಣ್ಣಪಳ್ಳ. ಹೆಸರಿಟ್ಟವರು ಅಕ್ಷರ ಬಾರದ ಜನ. ಆದರೆ ಇಲ್ಲಿ ನೀರಿದೆ, ಮನೆ ಕಟ್ಟಬೇಡ ಅಂತ ಬೋರ್ಡು ನೆಟ್ಟು ಹೋದರು. ಅಕ್ಷರ ಬಂದವರು ಆ ಬೋರ್ಡಿನ ಕೆಳಗೇ ಕೂತು ಲೈಸೆನ್ಸು ಕೊಟ್ಟರು.

ಹೇಗೆ ಕೊಟ್ಟರು ನೋಡಿ. ಗದ್ದೆಯನ್ನು ಕನ್ವರ್ಷನ್ ಮಾಡುವುದು ಕಂದಾಯ ಇಲಾಖೆ. ಲೇಔಟಿಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಮನೆ ಕಟ್ಟಲು ಲೈಸೆನ್ಸು ನಗರಸಭೆಯದ್ದು. ಹೆದ್ದಾರಿಯನ್ನು ಆಳೆತ್ತರ ಏರಿಸಿ ಕೆಳಗೆ ಸಣ್ಣ ಮೋರಿ ಇಡುವುದು ಹೆದ್ದಾರಿ ಪ್ರಾಧಿಕಾರ. ನೀರು ನುಗ್ಗಿದ ಮೇಲೆ ನಾಲ್ಕು ಕಚೇರಿಗೂ ಹೋಗಿ ಕೇಳಿ, ನಾಲ್ಕೂ ಕಡೆ ಬೆರಳು ಪಕ್ಕದ ಕಚೇರಿಯನ್ನು ತೋರಿಸುತ್ತದೆ. 1964ರ ಪುರಸಭೆಗಳ ಕಾಯಿದೆ ಚರಂಡಿಯನ್ನು ಊರಾಡಳಿತದ ಕಡ್ಡಾಯ ಕರ್ತವ್ಯ ಅಂತ ಬರೆದಿಟ್ಟಿದೆ. ಮನಸ್ಸಿದ್ದರೆ ಮಾಡು ಅಂತ ಬರೆದಿಲ್ಲ.

ಗದ್ದೆಯಲ್ಲಿ ಅಂಚು ಇತ್ತು. ಆ ಅಂಚು ಒಂದು ಗೇಣು ನೀರನ್ನು ಹಿಡಿದಿಟ್ಟು, ಮೆಲ್ಲಗೆ ಇಂಗಿಸಿ, ಉಳಿದದ್ದನ್ನು ತೋಡಿಗೆ ಬಿಡುತ್ತಿತ್ತು. ಅದರ ಮೇಲೆ ಲಾರಿ ಲಾರಿ ಕೆಂಪು ಮಣ್ಣು ಸುರಿದರು. ಗುಡ್ಡೆಯ ಮೇಲೆ ಕಾಂಕ್ರೀಟು ಹಾಸಿದರು. ಹೀಗೆ ಮೇಲೆ ಇಂಗದ ನೀರು ಒಮ್ಮೆಲೇ ಇಳಿಯುತ್ತದೆ, ಕೆಳಗೆ ಅಗಲದ ತೋಡು ಕಿರಿದಾಗಿ ಸ್ಲ್ಯಾಬಿನ ಅಡಿ ಸೇರಿದೆ. ಅದೇ ಹೊತ್ತಿಗೆ ಸಮುದ್ರ ಉಬ್ಬರದಲ್ಲಿದ್ದರೆ ನೀರು ಎಲ್ಲಿಗೆ ಹೋಗಬೇಕು? ಅಡುಗೆ ಕೋಣೆಗೆ.

ಮಠದ ಪಾರ್ಕಿಂಗಿಗೂ ನುಗ್ಗಿತಲ್ಲ, ನೀರಿಗೆ ಎಲ್ಲಿಯ ಜಾತಿ ಮಾರಾಯ್ರೆ ಅಂತ ಕೆಲವರು ನಮ್ಮನ್ನು ಕೇಳುತ್ತಾರೆ. ಹೌದು, ಬರುವಾಗ ಅದು ಯಾರನ್ನೂ ಕೇಳಿ ಬರಲಿಲ್ಲ. ಇಳಿದು ಹೋದ ಮೇಲೆ ಉಳಿದ ಕೆಸರನ್ನು ಯಾರು ಬಾಚಿದರು? ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲಿ ಹೂಳೆತ್ತುವ ಕಾಮಗಾರಿ ಅಂತ ಬಿಲ್ಲಾಗುತ್ತದಲ್ಲ, ಆಗ ಸ್ಲ್ಯಾಬು ಎತ್ತಿ ಒಳಗೆ ಇಳಿಯುವವರು ಯಾರು? ಹೆಸರು ಕೇಳಿ ನೋಡಿ. ಅಲ್ಲಿ ಭಟ್ಟರೂ ಇಲ್ಲ, ಶೆಟ್ಟರೂ ಇಲ್ಲ. ಈ ಕರಾವಳಿಯ ಪಟ್ಟಣಗಳ ಕಸ, ಚರಂಡಿ ತಲೆಮಾರುಗಳಿಂದ ಕೊರಗರ ಬೆನ್ನಿಗೆ ಬಿದ್ದಿದೆ. ಅಜಲು ಪದ್ಧತಿ ನಿಷೇಧಿಸಿ 2000ದಲ್ಲಿ ಕಾಯಿದೆ ಬಂತು. ಚರಂಡಿಯ ಅಜಲು ಕಂತ್ರಾಟುದಾರನ ಮಸ್ಟರ್ ರೋಲಿನಲ್ಲಿ ಇನ್ನೂ ನಡೆಯುತ್ತಿದೆ.

ಮುಚ್ಚುಮರೆ ನಮಗೆ ಬೇಡ, ಆದ ಒಳ್ಳೆಯದನ್ನೂ ಹೇಳುತ್ತೇವೆ. ಡಾ. ವಿ.ಎಸ್. ಆಚಾರ್ಯ ಅಧ್ಯಕ್ಷರಾಗಿದ್ದಾಗ ಉಡುಪಿ ಪುರಸಭೆ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿತು. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲಿ ಇಡೀ ರಾಜ್ಯದಲ್ಲೇ ಅದನ್ನು ನಿಲ್ಲಿಸಲು ಹೊರಟರು. ಆದರೆ ತಲೆಯಿಂದ ಇಳಿದ ಬುಟ್ಟಿ ಎಲ್ಲಿಗೆ ಹೋಯಿತು? ಮಳೆನೀರಿನ ತೋಡಿಗೆ ಹೋಯಿತು. ಮಣಿಪಾಲದ ಗುಡ್ಡೆಯ ಕಡೆಯಿಂದ ಇಳಿದು, ಕಲ್ಸಂಕ ದಾಟಿ, ಕಲ್ಮಾಡಿಯತ್ತ ಹೋಗುವ ಇಂದ್ರಾಣಿಯನ್ನು ನೋಡಿ ಬನ್ನಿ. ಒಂದು ಕಾಲಕ್ಕೆ ಹೊಳೆ. ಈಗ ಮೂಗು ಮುಚ್ಚದೆ ದಂಡೆಯಲ್ಲಿ ನಿಲ್ಲಲಿಕ್ಕಾಗದು. ದಂಡೆಯ ಜನ ಬಾವಿ ಕೆಟ್ಟಿತು ಅಂತ ವರ್ಷಗಳಿಂದ ಬೊಬ್ಬೆ ಹಾಕುತ್ತಿದ್ದಾರೆ. 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟು ಬತ್ತಿ ಇಡೀ ಊರು ಕೊಡ ಹಿಡಿದು ನಿಂತಿತ್ತು. ಆಗಲೂ ಈ ಬಾವಿಗಳ ನೆನಪು ಯಾರಿಗೂ ಬರಲಿಲ್ಲ.

ಇಲ್ಲಿಗೆ ಸ್ವಲ್ಪ ಕಾನೂನು ಬೇಕು, ಬೇಸರಪಡದೆ ಓದಿ. 2013ರ ಕಾಯಿದೆ ಮಲ ಹೊರುವುದು ಅಂದರೆ ಏನು ಅಂತ ಹೇಳುವಾಗ ಬುಟ್ಟಿಯನ್ನು ಮಾತ್ರ ಹೇಳುವುದಿಲ್ಲ. ಪಾಯಿಖಾನೆಯ ಮಲ ಬಂದು ಬೀಳುವ ತೆರೆದ ಚರಂಡಿಯನ್ನು ಕೈಯಿಂದ ಬಳಿಸುವುದೂ ಅದರಲ್ಲಿ ಬರುತ್ತದೆ. ಅಂದರೆ ಫ್ಲ್ಯಾಟುಗಳ ಪೈಪನ್ನು ರಾತ್ರೋರಾತ್ರಿ ತೋಡಿಗೆ ತಿರುಗಿಸಿ, ಅದೇ ತೋಡಿಗೆ ಮೇ ತಿಂಗಳಲ್ಲಿ ನಮ್ಮಣ್ಣಂದಿರನ್ನು ಹಾರೆ ಕೊಟ್ಟು ಇಳಿಸುವುದು ಹೂಳೆತ್ತುವ ಕಾಮಗಾರಿ ಅಲ್ಲ, ಜೈಲಿಗೆ ಹೋಗುವ ಅಪರಾಧ. ಒಳಚರಂಡಿಗೆ ಇಳಿದು ಸತ್ತವರ ಮನೆಗೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಸತ್ತ ಮೇಲೆ. ಇಳಿಸದೆ ಇರಲಿಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಯಾವ ಬಜೆಟ್ಟಿನಲ್ಲೂ ನಾವು ಓದಿಲ್ಲ.

ಇನ್ನು ಪರಿಹಾರದ ಕತೆ. ನಮ್ಮ ಜೊತೆ ಹಾಸ್ಟೆಲಿನಲ್ಲಿದ್ದ ಗೆಳೆಯನ ಮನೆ ತೋಡಿನ ಬದಿಯಲ್ಲಿ. ಯಾವ ಪಂಚಾಯಿತಿ ಅಂತ ಹೇಳುವುದು ಬೇಡ. 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿಗೆ ಉಳುತ್ತಿದ್ದವನಿಗೆ ಗದ್ದೆ ಸಿಕ್ಕಿತು. ಅದೇ ಗದ್ದೆಯಲ್ಲಿ ಕೂಲಿಗೆ ನೇಜಿ ನೆಟ್ಟ ಅವನ ಅಜ್ಜಿಗೆ ಸಿಕ್ಕಿದ್ದು ಈ ತೋಡಿನ ಬದಿ, ಅದೂ ಪಹಣಿ ಇಲ್ಲದೆ. ನೀರು ನುಗ್ಗಿದ ರಾತ್ರಿ ಅಮ್ಮ ತಮ್ಮನನ್ನು ಎತ್ತಿಕೊಂಡು ಓಡಿದರು, ಟ್ರಂಕು ಎತ್ತಲಿಕ್ಕಾಗಲಿಲ್ಲ. ಮರುದಿನ 10,000 ರೂಪಾಯಿ ಪರಿಹಾರ ಕೇಳಲಿಕ್ಕೆ ಹೋದರೆ ಮೇಜಿನ ಹಿಂದಿನವರು ಕೇಳಿದ್ದು ಹೀಗೆ:

"ಮನೆ ನಂಬ್ರ?"

"ಇಲ್ಲ ಸ್ವಾಮಿ."

"ಜಾತಿ ಸರ್ಟಿಫಿಕೇಟು? ಒರಿಜಿನಲ್ ಎಲ್ಲಿ?"

"ತೋಡಿನಲ್ಲಿ."

ನಕ್ಕರಂತೆ. ಮನೆ ನಂಬ್ರ ಇಲ್ಲದ್ದರಿಂದ ಅಲ್ಲಿ ಮನೆಯೇ ಇಲ್ಲ, ಮನೆಯೇ ಇಲ್ಲದ ಮೇಲೆ ನೀರು ನುಗ್ಗಿದ್ದು ಎಲ್ಲಿಗೆ? ಗೆಳೆಯನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಗಂಜಿಯಾಗಿತ್ತು. ಜಾತಿಯ ಕಾಗದವೂ ಕರಗಿತ್ತು. ಮೇಜಿನ ಹಿಂದಿನವರು ಮಾತ್ರ ಅವನ ಅಮ್ಮನಿಗೆ ಕೂತುಕೊಳ್ಳಿ ಅಂತ ಹೇಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಂಗಲೆಗಳಿಗೆ ನೀರು ನುಗ್ಗಿ ಸಾಹೇಬರು ಟ್ರ್ಯಾಕ್ಟರು ಹತ್ತಿದಾಗ ರಾಜಕಾಲುವೆ ಎಂಬ ಶಬ್ದವನ್ನು ದೇಶವೇ ಕಲಿತಿತು. ಇವನ ಟ್ರಂಕಿನ ಸುದ್ದಿ ಪಕ್ಕದ ವಾರ್ಡಿಗೂ ಮುಟ್ಟಲಿಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದದ್ದು ನೀರು ಮುಟ್ಟುವ ಹಕ್ಕಿಗಾಗಿ. ಮನೆಯೊಳಗೆ ಕೊಳಕು ನೀರು ಬಾರದ ಹಕ್ಕನ್ನು, ಕೊಳಕು ನೀರಿಗೆ ಇಳಿಯುವುದಿಲ್ಲ ಅನ್ನುವ ಹಕ್ಕನ್ನು ಕೇಳುವ ಸರದಿ ನಮ್ಮದು. ಅಕ್ಕಿ ಕಿಟ್ಟು, ಚಾಪೆ, ಫೋಟೋ ನಮಗೆ ಬೇಡ. ಮಲದ ಪೈಪು ತೋಡಿನಿಂದ ಹೊರಗೆ ಹೋಗಬೇಕು. ಹೂಳೆತ್ತಲು ಯಂತ್ರ ಇಳಿಯಬೇಕು, ಮನುಷ್ಯ ಇಳಿಯಬಾರದು. ತೋಡಿನ ಬದಿಯ ಮನೆಗೆ ಮೊದಲು ನಂಬ್ರ, ಎಬ್ಬಿಸುವುದಾದರೆ ಅದಕ್ಕೂ ಮುಂಚೆ ಎತ್ತರದ ಜಾಗದಲ್ಲಿ ಪಟ್ಟೆ. ಒತ್ತುವರಿ ತೆರವು ಅಂತ ಬುಲ್ಡೋಜರು ಬಂದರೆ ಅದು ಲೇಔಟಿನ ಕಾಂಪೌಂಡಿನಿಂದ ಶುರುವಾಗಲಿ, ನಮ್ಮ ಜೋಪಡಿಯಿಂದ ಅಲ್ಲ.

ಗ್ರಾಮನಕ್ಷೆಯಲ್ಲಿ ತೋಡುಗಳ ಗೆರೆ ಇದೆ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರು ಇಟ್ಟು ನಕ್ಷೆ ಕೇಳಿ, ಹೂಳೆತ್ತಿದ ಬಿಲ್ಲು ಮತ್ತು ಮಸ್ಟರ್ ರೋಲಿನ ನಕಲೂ ಕೇಳಿ. 30 ದಿನದೊಳಗೆ ಕೊಡಲೇಬೇಕು. ಮಾರ್ಚಿಯಲ್ಲಿ ಅರ್ಜಿ ಹಾಕಿದರೆ ಮಳೆಗೆ ಮುಂಚೆ ಕೈಗೆ ಬರುತ್ತದೆ. ಆಮೇಲೆ ನಕ್ಷೆಯ ಗೆರೆ ಹಿಡಿದು ತೋಡಿನ ಉದ್ದಕ್ಕೂ ನಡೆಯೋಣ, ಎಲ್ಲಿ ಎಷ್ಟು ಅಡಿ ಕಡಿಮೆಯಾಗಿದೆ ಅಳೆಯೋಣ. ಬರುವವರು ಟೇಪು ತನ್ನಿ, ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.