ಸಂತೆಯಲ್ಲಿ ಮೇಷ್ಟರು

ದೊಡ್ಡ ಪಟ್ಟಣದ ಉಪಾಧ್ಯಾಯರು ಶಾಲೆಯ ಬಾಗಿಲು ದಾಟಿದೊಡನೆ ಜನಸಂದಣಿಯಲ್ಲಿ ಮರೆಯಾಗುವರು. ಸಣ್ಣ ಊರಿನಲ್ಲಿ ಅವರಿಗೆ ಈ ಸೌಕರ್ಯವಿಲ್ಲ. ಹಾಲು ತರುವಲ್ಲಿ ಒಬ್ಬ ಶಿಷ್ಯ, ಕ್ಷೌರದಂಗಡಿಯಲ್ಲಿ ಇನ್ನೊಬ್ಬ. ಸಂತೆಯ ಸಂಜೆ ಬದನೆಕಾಯಿಯ ರಾಶಿಯ ಹಿಂದೆ ತಾಯಿಯೊಡನೆ ಕುಳಿತ ಶಿಷ್ಯೆ. ಚೌಕಾಶಿ ಮಾಡಬೇಕೆ, ಬೇಡವೆ? ಲೆಕ್ಕದಲ್ಲಿ ಸೊನ್ನೆ ಪಡೆದ ಆ ಹುಡುಗಿಯೇ ತೂಗಿ, ಹಣವೆಣಿಸಿ, ಒಂದು ಕಾಸೂ ತಪ್ಪದಂತೆ ಚಿಲ್ಲರೆಯನ್ನು ಮೇಷ್ಟರ ಕೈಗಿಡುವಳು. ಇಂಥ ಭೇಟಿಯಿಂದ ಕಲಿಯತಕ್ಕದ್ದು ಉಪಾಧ್ಯಾಯರಿಗೇ ಹೆಚ್ಚೆಂದು ನಮಗೆ ತೋರುತ್ತದೆ.

ಕೂಲಿಮಠಗಳಿದ್ದ ಕಾಲದಲ್ಲಿ ಇದಕ್ಕೊಂದು ಕಟ್ಟಳೆಯೇ ಇದ್ದಿತು. ಮಹಾನವಮಿಯ ದಿನಗಳಲ್ಲಿ ಐಗಳು ಮಕ್ಕಳನ್ನು ಕೂಡಿಕೊಂಡು ಮನೆಮನೆಗೆ ಹೋಗುವರು; ಮಕ್ಕಳು ಚೌಪದ ಹೇಳುವರು; ಮನೆಯವರು ಐಗಳಿಗೆ ಕಾಣಿಕೆ ಸಲ್ಲಿಸುವರು. ಕೋದಂಡವೇರಿಸುತ್ತಿದ್ದ ಆ ಮಠಗಳನ್ನು ಹೊಗಳುವುದಕ್ಕೆ ನಾವು ಹೊರಟಿಲ್ಲ. ಆದರೂ ಯಾವ ಹುಡುಗನ ಮನೆಯಲ್ಲಿ ದೀಪವುಂಟು, ಯಾವನ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿರುವಳು ಎಂಬುದು ವರ್ಷಕ್ಕೊಮ್ಮೆಯಾದರೂ ಐಗಳ ಕಣ್ಣಿಗೆ ಬೀಳುವುದು ಸಾಧ್ಯವಿತ್ತು. ಈಗ ಅನೇಕ ಉಪಾಧ್ಯಾಯರು ಜಿಲ್ಲೆಯ ಪಟ್ಟಣದಿಂದ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಹಿಂದಿರುಗುವರು. ಅವರಿಗೂ ಕಾರಣಗಳುಂಟು: ಸ್ವಂತ ಮಕ್ಕಳ ಓದು, ಬಾಡಿಗೆಮನೆಯ ಅಭಾವ, ಜಾತಿ ಕೇಳದೆ ಮನೆ ಕೊಡದ ಊರುಗಳೂ ಇಲ್ಲದಿಲ್ಲ. ಮೇಷ್ಟರು ನಮ್ಮೂರಿನಲ್ಲಿ ನಿಲ್ಲುವುದಿಲ್ಲವೆಂದು ದೂರುವವರು ಇದನ್ನಷ್ಟು ನೆನೆದುಕೊಂಡು ದೂರಲಿ.

ಮೇಷ್ಟರು ಬೀದಿಯಲ್ಲಿ ಸಿಕ್ಕರೆ ಕೈಹಿಡಿದ ಮಗನನ್ನು ಮುಂದಕ್ಕೆ ತಳ್ಳಿ, “ಇವನು ಓದುವನೋ ಇಲ್ಲವೋ?” ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಇದಕ್ಕೆ ಮೇಷ್ಟರು ಏನು ಹೇಳಿಯಾರು? ಸುಳ್ಳು ಹೇಳಬೇಕು, ಇಲ್ಲವೆ ನಾಲ್ಕು ಜನರ ಮುಂದೆ ಹುಡುಗನ ಮಾನ ಕಳೆಯಬೇಕು. ಆ ಪ್ರಶ್ನೆಗೆ ಶಾಲೆಯ ಹೊತ್ತೇ ಯೋಗ್ಯ. ಬೀದಿಯಲ್ಲಿ ಮಳೆಬೆಳೆಯ ಮಾತು ಸಾಕು. ಮನೆಪಾಠ ಹೇಳಿರೆಂದು ಒತ್ತಾಯಿಸುವುದೂ ಯುಕ್ತವಲ್ಲ. 2009ರ ಶಿಕ್ಷಣಹಕ್ಕು ಕಾಯಿದೆಯ 28ನೆಯ ಕಲಮು ಶಿಕ್ಷಕರಿಗೆ ಅದನ್ನು ನಿಷೇಧಿಸಿದೆ.

ಮನೆಗೆ ಊಟಕ್ಕೆ ಕರೆಯಬಹುದೆ? ಧಾರಾಳವಾಗಿ ಕರೆಯಬಹುದು. ಆದರೆ ಸಾಹುಕಾರರ ಮನೆಯ ಹೋಳಿಗೆ ಉಂಡ ಮೇಷ್ಟರು ಕೂಲಿಯವರ ಮನೆಯ ಮಜ್ಜಿಗೆಯನ್ನು ಒಲ್ಲೆನೆಂದರೆ ಅದು ಮರುದಿನವೇ ತರಗತಿಯಲ್ಲಿ ತಿಳಿದಿರುತ್ತದೆ. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಭೇಟಿಯೆಂಬುದು ಹತ್ತು ಜನರು ಕಾಣುವ ಜಗಲಿಯಲ್ಲಿ ನಡೆಯತಕ್ಕದ್ದು. ಮಗುವೊಂದನ್ನೇ ಒಂಟಿಯಾಗಿ ಮನೆಗೆ ಕರೆಸುವುದಾಗಲಿ, ರಾತ್ರಿ ವೇಳೆ ಮೊಬೈಲಿನಲ್ಲಿ ಸಂದೇಶ ಕಳಿಸುವುದಾಗಲಿ ಕೂಡದು. 2012ರ ಪೋಕ್ಸೋ ಕಾಯಿದೆಯು ಶಾಲೆಯ ಸಿಬ್ಬಂದಿಯೇ ಅಲ್ಲಿನ ಮಗುವಿನ ಮೇಲೆ ಎಸಗುವ ಲೈಂಗಿಕ ಅಪರಾಧವನ್ನು ಹೆಚ್ಚು ಘೋರವೆಂದೆಣಿಸಿ ಹೆಚ್ಚಿನ ಶಿಕ್ಷೆ ವಿಧಿಸುತ್ತದೆ. ಗುರುವೆಂಬ ಗೌರವದಿಂದ ತಾಯಂದಿರು ಈ ವಿಷಯದಲ್ಲಿ ಬಾಯಿ ಕಟ್ಟಿಕೊಂಡಿರುವುದು ಬೇಡ.

ಎಲ್ಲಕ್ಕಿಂತ ಕಷ್ಟದ ಭೇಟಿ, ಶಾಲೆ ಬಿಟ್ಟ ಮಕ್ಕಳದು. ಶಾಲೆಯ ಹೊತ್ತಿನಲ್ಲಿ ಹೋಟೆಲಿನ ಲೋಟ ತೊಳೆಯುವ ಹುಡುಗನಿಗೆ 14 ತುಂಬಿಲ್ಲವಾದರೆ ಕಾಫಿ ಕುಡಿದು ಸುಮ್ಮನೆ ಏಳುವುದಕ್ಕೆ ಮೇಷ್ಟರಿಗೆ ಅಧಿಕಾರವಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಅಂಥ ದುಡಿಮೆಯನ್ನು ತಡೆದಿದೆ. ಮನೆಯವರ ಕಸುಬಿನಲ್ಲಿ ಶಾಲೆಯ ಹೊತ್ತಿನ ಹೊರಗೆ ಕೈಗೂಡಿಸುವುದು ಬೇರೆ. ಬದನೆಕಾಯಿಯ ಹುಡುಗಿಗೆ ಅಡ್ಡಿಯಿಲ್ಲ.

ಹತ್ತನೆಯ ತರಗತಿಯಲ್ಲಿ ತಪ್ಪಿದ ಹುಡುಗನಂತೂ ಮೇಷ್ಟರನ್ನು ದೂರದಿಂದ ಕಂಡೊಡನೆ ಗಲ್ಲಿಗೆ ಇಳಿಯುವನು. ಮೇಷ್ಟರೂ ಕಾಣದವರಂತೆ ನಡೆಯುವರು. ಅದನ್ನು ಅವರು ದಾಕ್ಷಿಣ್ಯವೆಂದುಕೊಂಡಿರುವರು, ಹುಡುಗನು ತಿರಸ್ಕಾರವೆಂದು ತಿಳಿಯುವನು. ಮೊದಲು ಕರೆಯಬೇಕಾದವರು ಮೇಷ್ಟರೇ. ಹೇಳುವುದಕ್ಕೆ ಬರಿಯ ಸಮಾಧಾನವಲ್ಲದೆ ಸುದ್ದಿಯೂ ಉಂಟು. 2024ರಲ್ಲಿ ನಮ್ಮ ರಾಜ್ಯದಲ್ಲಿ ಆ ತರಗತಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ನಡೆದವು. ಮೊದಲನೆಯದರಲ್ಲಿ ತಪ್ಪಿದವನು ಮುಂದಿನ ಮಾರ್ಚಿಯವರೆಗೆ ಕಾಯದೆ ಅದೇ ಬೇಸಗೆಯಲ್ಲಿ ಎರಡನೆಯದಕ್ಕೆ ಕೂಡಬಹುದು. ಇದರ ಪ್ರಕಟಣೆ ಶಾಲೆಯ ಫಲಕದ ಮೇಲೆ ಅಂಟಿರುತ್ತದೆ ನಿಜ. ಆದರೆ ಅಂಥ ಹುಡುಗನು ಶಾಲೆಯ ಕಡೆ ಹಾಯುವುದೇ ಇಲ್ಲ. ಅವನು ನಿಂತಿರುವುದು ಬಸ್ ನಿಲ್ದಾಣದಲ್ಲಿ. ಮೇಷ್ಟರೂ ಸಂಜೆಯ ಬಸ್ಸಿಗೆ ಅಲ್ಲಿಯೇ ಕಾಯುತ್ತಿರುವರಲ್ಲವೆ?