ಮಾವನವರ ಅಜ್ಜಿಯ ಊರು

ನಿಮ್ಮ ಮಗುವೂ ಒಂದಲ್ಲ ಒಂದು ದಿನ ಶಾಲೆಯಿಂದ ಖಾಲಿ ವಂಶವೃಕ್ಷದ ಹಾಳೆ ಹಿಡಿದು ಮನೆಗೆ ಬರುತ್ತದೆ. ನಮ್ಮ ಮಗಳು ತಂದಿದ್ದು ಕಳೆದ ವರ್ಷ, ಮೂರನೇ ಕ್ಲಾಸಿನಲ್ಲಿದ್ದಾಗ. ನನ್ನ ಕಡೆಯ ಕೊಂಬೆಗಳನ್ನು ಹಾಸನದಲ್ಲಿರುವ ಅಮ್ಮ ಅರ್ಧ ಗಂಟೆಯ ವಿಡಿಯೋ ಕಾಲ್‌ನಲ್ಲಿ ತುಂಬಿಸಿಬಿಟ್ಟರು. ಗಂಡನ ಕಡೆ ಖಾಲಿ ಉಳಿಯಿತು. ಅವರದು ಬಾಸ್ಟನ್‌ನ ಐರಿಷ್ ಮೂಲದ ಕುಟುಂಬ. 79 ವರ್ಷದ ಮಾವನವರಿಗೆ ಗೊತ್ತಿದ್ದುದು ಇಷ್ಟೇ: ಅವರ ತಾಯಿಯ ತಾಯಿ 1907ರಲ್ಲಿ ಮೇಯೋ ಕೌಂಟಿಯಿಂದ ಒಬ್ಬಳೇ ಹಡಗು ಹತ್ತಿ ಬಂದಳು. ಆಮೇಲೆ ಊರಿನವರು ಅವಳನ್ನು ಮರೆತುಬಿಟ್ಟರು.

ಆ ಕೊನೆಯ ಮಾತನ್ನು ಹೇಳುವಾಗ ಅವರ ದನಿ ಬದಲಾಗುತ್ತಿತ್ತು. ಅಜ್ಜಿಯ ನೋವು ಮೊಮ್ಮಗನವರೆಗೆ ಇಳಿದು ಬಂದಿತ್ತು.

ನಾನು ಲ್ಯಾಬಿನಲ್ಲಿ ತಳಿವಿಜ್ಞಾನದ ಕೆಲಸ ಮಾಡುವವಳು. ಹಾಗಾಗಿ ಮೊದಲು ಹೊಳೆದದ್ದು ಡಿಎನ್ಎ ಕಿಟ್. ಅದು ತಪ್ಪು ಕ್ರಮ ಅಂತ ಆಮೇಲೆ ತಿಳಿಯಿತು. ಯಾರ ಊರು, ಯಾರ ಮನೆ ಅಂತ ಗೊತ್ತಿಲ್ಲದೆ ಡಿಎನ್ಎ ಪಟ್ಟಿ ನೋಡಿದರೆ ಅದು ಅಪರಿಚಿತರ ಹೆಸರುಗಳ ದೊಡ್ಡ ರಾಶಿ, ಅಷ್ಟೆ.

ಐರಿಷ್ ಹಿರಿಯರನ್ನು ಹುಡುಕಲು ಹೊರಟವರಿಗೆ ಮೊದಲು ಎದುರಾಗುವುದು ಕೆಟ್ಟ ಸುದ್ದಿ. 1922ರ ಜೂನ್‌ನಲ್ಲಿ, ಅಲ್ಲಿನ ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಅಲ್ಲಿ ಬೂದಿಯಾಯಿತು. ಅದರ ನಂತರದ ನಾಲ್ಕು ಜನಗಣತಿಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶ ಮಾಡಿತ್ತು. ಇಡೀ ದೇಶಕ್ಕೆ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಗಣತಿ 1901ರದು, ನಂತರ 1911ರದು.

ಒಳ್ಳೆಯ ಸುದ್ದಿಯೂ ಇದೆ. ಈ ಎರಡೂ ಗಣತಿಗಳ ಮೂಲ ಹಾಳೆಗಳನ್ನು ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಕ್ಯಾಥೊಲಿಕ್ ಚರ್ಚುಗಳ ಹಳೆಯ ದೀಕ್ಷಾಸ್ನಾನ, ಮದುವೆ ಪುಸ್ತಕಗಳನ್ನು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ತೆರೆಯಿತು. ಎಲ್ಲರ ಜನನ, ಮದುವೆ, ಮರಣದ ಸರ್ಕಾರಿ ನೋಂದಣಿ ಶುರುವಾದದ್ದು 1864ರಿಂದ. ಅದಕ್ಕೂ ಹಿಂದಿನದಕ್ಕೆ ಗ್ರಿಫಿತ್ ಎಂಬುವರು 1847ರಿಂದ 1864ರವರೆಗೆ ಮಾಡಿಸಿದ ಭೂಮಿ-ಮನೆಗಳ ಮೌಲ್ಯಮಾಪನ ಇದೆ.

ಆದರೆ ಇವೆಲ್ಲಕ್ಕೂ ಒಂದು ಬೀಗದ ಕೈ ಬೇಕು. ಅದು ಟೌನ್‌ಲ್ಯಾಂಡ್, ಅಂದರೆ ಅಲ್ಲಿನ ಅತಿ ಚಿಕ್ಕ ಊರು. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಹೆಚ್ಚು. "ಮೇಯೋ" ಅಂದರೆ ಸಾಲದು, "ಹಾಸನ ಜಿಲ್ಲೆ" ಅಂದ ಹಾಗೆ.

ಒಂದು ಭಾನುವಾರ ಚಹಾ ಕುಡಿಯುತ್ತಾ ಮಾವನವರನ್ನು ಬೇರೆ ರೀತಿ ಕೇಳಿದೆ. ಊರು ಯಾವುದು ಅಂತ ಕೇಳಲಿಲ್ಲ. ಅಜ್ಜಿ ಬೈಯುವಾಗ ಏನನ್ನುತ್ತಿದ್ದರು ಅಂದೆ. ಅವರು ನಕ್ಕರು. "ಬಾಗಿಲು ತೆರೆದಿಟ್ಟರೆ, ಇದೇನು ಕ್ಯಾರೋಮೋರ್ ಅಂದುಕೊಂಡೆಯಾ ಅನ್ನುತ್ತಿದ್ದಳು. ಅದೇನೋ ಬೈಗುಳ ಅಂದುಕೊಂಡಿದ್ದೆವು." ಬೈಗುಳವಲ್ಲ, ಊರಿನ ಹೆಸರು! ಐರಿಷ್ ಭಾಷೆಯಲ್ಲಿ ಅದಕ್ಕೆ ದೊಡ್ಡ ಕಾಲುಭಾಗದ ಭೂಮಿ ಅಂತ ಅರ್ಥ. ತೊಂದರೆಯೆಂದರೆ, ನಮ್ಮಲ್ಲಿ ಹೊಸಹಳ್ಳಿಗಳಿದ್ದ ಹಾಗೆ ಮೇಯೋದಲ್ಲಿ ಕ್ಯಾರೋಮೋರ್‌ಗಳೂ ಹಲವು.

ಒಂದೊಂದನ್ನೇ ನೋಡುತ್ತಾ ಹೋದೆವು. 1901ರ ಹಾಳೆಯೊಂದರಲ್ಲಿ 13 ವರ್ಷದ ಹುಡುಗಿ ಸಿಕ್ಕಳು. ಮಾವನವರಿಗೆ ನೆನಪಿದ್ದ ಒಡಹುಟ್ಟಿದವರ ಹೆಸರುಗಳೂ ಹೊಂದಿದವು. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವುದು ಅಲ್ಲಿನ ಹಳೆಯ ರೂಢಿ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದನ್ನು ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಆ ರೂಢಿ ಗೊತ್ತಿದ್ದರೆ ಇನ್ನೊಂದು ತಲೆಮಾರು ಹಿಂದಕ್ಕೆ ಸುಳಿವು ಸಿಗುತ್ತದೆ.

ವಯಸ್ಸನ್ನು ಮಾತ್ರ ನಂಬಬೇಡಿ. ಆ ಮನೆಯ ಯಜಮಾನನಿಗೆ 1901ರಲ್ಲಿ 58, 1911ರಲ್ಲಿ 72! ಇದು ಗುಮಾಸ್ತನ ತಪ್ಪಲ್ಲ. 1909ರಿಂದ 70 ದಾಟಿದ ಬಡವರಿಗೆ ಪಿಂಚಣಿ ಸಿಗತೊಡಗಿತ್ತು, ಐರ್ಲೆಂಡಿನಲ್ಲಿ ಎಷ್ಟೋ ಜನ ಹತ್ತು ವರ್ಷದಲ್ಲಿ ಹತ್ತಕ್ಕಿಂತ ಹೆಚ್ಚು ವಯಸ್ಸಾದರು.

1911ರ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಇನ್ನೊಂದು ಪ್ರಶ್ನೆ ಇತ್ತು: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು? ಆ ತಾಯಿಯ ಮುಂದೆ ಬರೆದದ್ದು 9 ಮತ್ತು 7. ಮನೆಯಲ್ಲಿದ್ದವರು ಇಬ್ಬರು. ಮಾವನವರು ಆ 7ರ ಮೇಲೆ ಬೆರಳಿಟ್ಟು ಕುಳಿತರು. ದೂರ ಹೋದ ಮಗಳನ್ನೂ ಅವ್ವ ಲೆಕ್ಕದಲ್ಲಿ ಬಿಟ್ಟಿರಲಿಲ್ಲ.

ಡಿಎನ್ಎ ಪರೀಕ್ಷೆ ಮಾಡಿಸಿದ್ದು ಇದಾದ ಮೇಲೆ. ಮಗಳು "ನನ್ನ ಎಂಜಲನ್ನೂ ಕಳಿಸೋಣ" ಅಂತ ಕುಣಿದಳು. ನಾನು ಬೇಡವೆಂದೆ. ಎರಡು ಕಾರಣ. ಮೊದಲನೆಯದು ಲೆಕ್ಕ. ಮುತ್ತಜ್ಜ-ಮುತ್ತಜ್ಜಿ ಒಂದೇ ಆಗಿರುವ ಸೆಕೆಂಡ್ ಕಸಿನ್‌ಗಳ ನಡುವೆ ಸರಾಸರಿ ಶೇ 3ರಷ್ಟು ಡಿಎನ್ಎ ಸಾಮಾನ್ಯ. ಅದು ಮಗನಲ್ಲಿ ಅರ್ಧ, ಮೊಮ್ಮಗಳಲ್ಲಿ ಮತ್ತರ್ಧ. ಶೇ 1ಕ್ಕಿಂತ ಕಡಿಮೆ. ಆದ್ದರಿಂದ ಯಾವಾಗಲೂ ಮನೆಯ ಅತಿ ಹಿರಿಯರ ಪರೀಕ್ಷೆ ಮಾಡಿಸಿ. ಎರಡನೆಯದು, ಆ ಮಾಹಿತಿ ಮಗುವಿನದು, ನಮ್ಮದಲ್ಲ. ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ. ಹಿರಿಯರಿಗೂ ಮೊದಲೇ ಹೇಳಿ: ಯಾರೂ ನಿರೀಕ್ಷಿಸದ ಸಂಬಂಧ ಹೊರಬೀಳಬಹುದು, ಒಮ್ಮೆ ತಿಳಿದದ್ದನ್ನು ಮರೆಯಲಾಗದು. ಮಾವನವರು ಒಂದು ವಾರ ಯೋಚಿಸಿ ಒಪ್ಪಿದರು.

ಫಲಿತಾಂಶದ ಮೊದಲ ಸಾಲಿನಲ್ಲೇ ಮ್ಯಾಂಚೆಸ್ಟರ್‌ನ 74 ವರ್ಷದ ಹೆಂಗಸೊಬ್ಬರಿದ್ದರು. ಊರಲ್ಲೇ ಉಳಿದ ತಮ್ಮನ ಮೊಮ್ಮಗಳು. ನಮ್ಮ ಚಿಕ್ಕ ಪತ್ರಕ್ಕೆ ಮೂರು ದಿನದಲ್ಲಿ ಉತ್ತರ ಬಂತು, ಜೊತೆಗೊಂದು ಫೋಟೋ. ಬಾಸ್ಟನ್‌ನ ಸ್ಟುಡಿಯೋ, ಕುರ್ಚಿಯಲ್ಲಿ ತರುಣಿ, ತೊಡೆಯ ಮೇಲೆ ಕೂಸು. ಹಿಂದೆ 1915 ಅಂತ ಬರೆದಿತ್ತು. ಕೂಸು ಮಾವನವರ ತಾಯಿ. ಅಷ್ಟು ಚಿಕ್ಕ ತಾಯಿಯನ್ನು ಅವರು ಮೊದಲ ಬಾರಿ ನೋಡಿದ್ದು 79ನೇ ವಯಸ್ಸಿನಲ್ಲಿ.

ಪತ್ರದ ಕೊನೆಯಲ್ಲಿ ಆಕೆ ಕೇಳಿದ್ದರು: "ಅವಳು ನಮಗೆ ಬರೆಯುವುದನ್ನು ಏಕೆ ನಿಲ್ಲಿಸಿದಳು? ನಮ್ಮ ಅಜ್ಜ ಸಾಯುವವರೆಗೂ ಅದೇ ಕೊರಗು."

ಇಲ್ಲಿಯವರು ಅಲ್ಲಿಯವರು ಮರೆತರು ಅಂದುಕೊಂಡಿದ್ದರು, ಅಲ್ಲಿಯವರು ಇಲ್ಲಿಯವಳು ಮರೆತಳು ಅಂದುಕೊಂಡಿದ್ದರು. ಯಾವ ಪತ್ರ ಎಲ್ಲಿ ಕಳೆದುಹೋಯಿತೋ, ಯಾವ ದಾಖಲೆಯೂ ಹೇಳುವುದಿಲ್ಲ. ಈಗ ಮಾವನವರೂ ಆಕೆಯೂ ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತಾರೆ.

ನಮ್ಮ ಕಥೆಯೂ ಇದೇ ದಾರಿಯಲ್ಲಿದೆ. ಡಿಎನ್ಎ ಸಂಗ್ರಹಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ನಮ್ಮ ಮೊಮ್ಮಕ್ಕಳು ಹುಡುಕ ಹೊರಟಾಗ ಅವರಿಗೆ ಇಷ್ಟು ಸುಲಭವಾಗಿ ಸಂಬಂಧಿಕರು ಸಿಗಲಾರರು. ಆದ್ದರಿಂದ ಮುಂದಿನ ಸಲ ಊರಿಗೆ ಕಾಲ್ ಮಾಡಿದಾಗ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ: ಅವರು ಹುಟ್ಟಿದ ಹಳ್ಳಿ, ಹೋಬಳಿ, ತಾಲ್ಲೂಕು, ಒಡಹುಟ್ಟಿದವರ ಹೆಸರು, ಯಾರು ಯಾವ ಊರಿಗೆ ಹೋದರು. ಮಗುವಿನ ಕೈಯಲ್ಲೇ ಬರೆಸಿ. ಬೈಗುಳಗಳನ್ನೂ ಬಿಡಬೇಡಿ.